ಬ್ಯಾಡಗಿಗೆ ಕಳುಹಿಸಿದ ಪ್ರಾಜೆಕ್ಟ್

2016ರಲ್ಲಿ ಹುಬ್ಬಳ್ಳಿಯ ನಮ್ಮ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದಾಗ, ಉದ್ಯಮಶೀಲತೆಯೆಂದರೆ ಸಭಾಂಗಣದಲ್ಲಿ ಯಶಸ್ವಿ ಉದ್ಯಮಿಯೊಬ್ಬರ ಉಪನ್ಯಾಸ ಕೇಳಿ ಪ್ರಮಾಣಪತ್ರ ಪಡೆಯುವ ಕಾರ್ಯಕ್ರಮವೆಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೆವು. ಹಿಂದಿನ ವರ್ಷವಷ್ಟೇ ರಾಜ್ಯ ಸರ್ಕಾರ ಸ್ಟಾರ್ಟಪ್ ನೀತಿಯನ್ನು ಪ್ರಕಟಿಸಿದ್ದರಿಂದ ಅಂಥ ಉಪನ್ಯಾಸಗಳಿಗೇನೂ ಬರವಿರಲಿಲ್ಲ.

ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಯಂತ್ರದ ನಕ್ಷೆ ಹಿಡಿದು ಹೋದ ನಮ್ಮ ತಂಡಕ್ಕೆ ಗೈಡ್ ಸರ್ ಹೇಳಿದ್ದು ಒಂದೇ ಮಾತು: "ಮೊದಲ ಬ್ಯಾಡಗಿಗೆ ಹೋಗಿ, ಇದನ್ನ ಯಾರು ಕೊಳ್ತಾರ ಅಂತ ಕೇಳ್ಕೊಂಡು ಬರ್ರಿ."

ಅಲ್ಲಿ ಸೆರಗಿನಿಂದ ಮೂಗುಬಾಯಿ ಮುಚ್ಚಿಕೊಂಡ ಹೆಂಗಸರು ಕೆಂಪು ರಾಶಿಗಳ ಸುತ್ತ ಕುಳಿತು, ಕಿಲೋ ಲೆಕ್ಕದ ಕೂಲಿಗೆ ತೊಟ್ಟು ಬಿಡಿಸುತ್ತಿದ್ದರು. ಬ್ಯಾಡಗಿ ಕಾಯಿ ಸುಕ್ಕುಸುಕ್ಕಾಗಿ, ಒಂದರಂತೆ ಇನ್ನೊಂದಿಲ್ಲದಂತೆ ಇರುವುದರಿಂದ ನಮ್ಮ ನಕ್ಷೆಯ ರೋಲರಿಗೆ ಅದು ಒಗ್ಗುವುದಿಲ್ಲವೆಂಬುದು ನೋಡಿದ ಕೂಡಲೇ ತಿಳಿಯಿತು. ಇಡೀ ಕಾಯಿ ಮಾರುವ ವ್ಯಾಪಾರಿಗೆ ಕಾಯಿ ಮುರಿದರೆ ನಷ್ಟ. ಪುಡಿ ಮಾಡುವ ಗಿರಣಿಗೆ ಅದರ ಚಿಂತೆ ಅಷ್ಟಿಲ್ಲ. ರೈತರಿಗೆಂದು ಯೋಚಿಸಿದ್ದ ಯಂತ್ರದ ನಿಜವಾದ ಗಿರಾಕಿ ಗಿರಣಿಯವನೆಂದು ಅರಿತು ನಾವು ಇಡೀ ವಿನ್ಯಾಸವನ್ನೇ ಬದಲಿಸಿದೆವು. "ಮಷೀನ್ ಬಂದ್ರ ನಮ್ಮ ಕೂಲಿ ಗತಿ ಏನೋ ತಮ್ಮಾ?" ಎಂದು ಒಬ್ಬ ಅಜ್ಜಿ ಕೇಳಿದ್ದಕ್ಕೆ ವರದಿಯಲ್ಲಿ ಒಂದು ಪುಟ ಮೀಸಲಿಟ್ಟೆವಾದರೂ, ಅಲ್ಲಿ ಬರೆದ ಉತ್ತರ ನನಗೆ ಇಂದಿಗೂ ಸಮಾಧಾನ ತಂದಿಲ್ಲ.

ಆ ಯಂತ್ರ ಮಾದರಿಯ ಹಂತ ದಾಟಲಿಲ್ಲ, ಕಂಪನಿಯೂ ಹುಟ್ಟಲಿಲ್ಲ. ಆದರೂ ಸರ್ ನಮ್ಮ ಮಾರುಕಟ್ಟೆಯ ಟಿಪ್ಪಣಿ ಪುಸ್ತಕಕ್ಕೆ ಅಂಕ ಕೊಟ್ಟರು, ಸಂಜೆ ವರ್ಕ್‌ಶಾಪ್ ತೆರೆಸಿದರು, ತಪ್ಪಿದ ತರಗತಿಗಳ ಹಾಜರಾತಿಗಾಗಿ ಪ್ರಾಂಶುಪಾಲರ ಬಳಿ ತಾವೇ ಹೋಗಿ ಮಾತನಾಡಿದರು. ಕಾಲೇಜಿನಲ್ಲಿ ಉದ್ಯಮಶೀಲತೆಯ ವಾತಾವರಣ ಬೆಳೆಯುವುದು ವೇಳಾಪಟ್ಟಿ, ಅಂಕ, ಹಾಜರಾತಿಗಳಂಥ ಈ ಸಣ್ಣ ವಿಷಯಗಳಲ್ಲೇ ಎಂಬುದು ನನ್ನ ಅಭಿಪ್ರಾಯ. ಉಪನ್ಯಾಸಗಳ ಪಾತ್ರ ಅದರಲ್ಲಿ ಕಡಿಮೆ.

ನಮಗೆ ಒಬ್ಬ ಅಧ್ಯಾಪಕರ ಔದಾರ್ಯದಿಂದ ದೊರೆತದ್ದು 2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟಪ್ ನೀತಿಯಲ್ಲಿ ಲಿಖಿತವಾಗಿದೆ. ಉದ್ಯಮ ಆರಂಭಿಸುವ ವಿದ್ಯಾರ್ಥಿಗೆ ಹಾಜರಾತಿಯಲ್ಲಿ ರಿಯಾಯಿತಿ, ಓದಿನ ನಡುವೆ ಸೆಮಿಸ್ಟರ್ ಬಿಡುವು ಕೊಡಲು ಅದು ಅವಕಾಶ ಮಾಡಿಕೊಡುತ್ತದೆ. ತಾನು ಒದಗಿಸುವ ಸೌಲಭ್ಯ, ಮಾರ್ಗದರ್ಶನಗಳಿಗೆ ಪ್ರತಿಯಾಗಿ ಶಿಕ್ಷಣ ಸಂಸ್ಥೆಯು ಆ ವಿದ್ಯಾರ್ಥಿಯ ಕಂಪನಿಯಲ್ಲಿ ಶೇ. 2ರಿಂದ 9.5ರವರೆಗೆ ಪಾಲು ಪಡೆಯಬಹುದೆಂದೂ ಸೂಚಿಸುತ್ತದೆ. ಆ ಪಾಲಿನ ಪ್ರಮಾಣವನ್ನು ನಮ್ಮ ಕಾಲೇಜು ಮೊದಲ ವರ್ಷದ ವಿದ್ಯಾರ್ಥಿಗಳಿಗೇ ತಿಳಿಸಿ ಹೇಳಬೇಕೆಂಬುದು ಹಳೆಯ ವಿದ್ಯಾರ್ಥಿಯಾಗಿ ನನ್ನ ಕೋರಿಕೆ.