ಸಿಸ್ಟಮ್ ಹ್ಯಾಂಗ್ ಆದಾಗ, ಪವರ್ ಬಟನ್‌ಗೆ ಕೈ ಹಾಕುವ ಮೊದಲು

ವಿಂಡೋಸ್‌ನಲ್ಲಿ ಸ್ಕ್ರೀನ್ ಮಂಕಾಗಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬಂದ ಕೂಡಲೇ ಪ್ರೋಗ್ರಾಂ ಸತ್ತೇಹೋಯಿತು ಅಂದುಕೊಳ್ಳಬೇಡಿ. ಸುಮಾರು 5 ಸೆಕೆಂಡು ಅದು ಮೌಸ್, ಕೀಬೋರ್ಡಿಗೆ ಓಗೊಡದಿದ್ದರೆ ವಿಂಡೋಸ್ ಹಾಗೆ ತೋರಿಸುತ್ತದೆ, ಅಷ್ಟೇ. ದೊಡ್ಡ ಎಕ್ಸೆಲ್ ಫೈಲ್ ಸೇವ್ ಆಗುತ್ತಿದ್ದರೂ ಹೀಗೇ ಕಾಣಬಹುದು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ನೇರವಾಗಿ ತೆರೆಯುತ್ತದೆ. ಆ ಪ್ರೋಗ್ರಾಮಿನ ಸಾಲಿನಲ್ಲಿ ಡಿಸ್ಕ್ ಅಂಕಿ ಏರಿಳಿಯುತ್ತಿದ್ದರೆ ಒಳಗೆ ಕೆಲಸ ನಡೆದಿದೆ, ಎರಡು ಮೂರು ನಿಮಿಷ ತಡೆಯಿರಿ. ಸಿಪಿಯು, ಡಿಸ್ಕ್ ಎರಡೂ ಸೊನ್ನೆಯಲ್ಲೇ ನಿಂತಿದ್ದರೆ ‘ಎಂಡ್ ಟಾಸ್ಕ್’ ಕೊಡಿ. ವರ್ಡ್‌ನಲ್ಲಿ ನಾಲ್ಕು ಫೈಲ್ ತೆರೆದಿದ್ದರೆ ನಾಲ್ಕೂ ಮುಚ್ಚಿಹೋಗುತ್ತವೆ. ವರ್ಡ್‌ನ ಆಟೋರಿಕವರ್ ತಾನಾಗಿ ಉಳಿಸುವುದು 10 ನಿಮಿಷಕ್ಕೊಮ್ಮೆ, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಈಗಲೇ 2 ನಿಮಿಷಕ್ಕೆ ಇಳಿಸಿಕೊಳ್ಳಿ.

ಟಾಸ್ಕ್‌ಬಾರ್ ಮಾತ್ರ ಕಚ್ಚಿಕೊಂಡಿದ್ದರೆ ರೀಸ್ಟಾರ್ಟೇ ಬೇಡ. ಅದೇ ಪಟ್ಟಿಯಲ್ಲಿ ‘ವಿಂಡೋಸ್ ಎಕ್ಸ್‌ಪ್ಲೋರರ್’ ಮೇಲೆ ರೈಟ್ ಕ್ಲಿಕ್ ಮಾಡಿ ‘ರೀಸ್ಟಾರ್ಟ್’ ಒತ್ತಿ. ಟಾಸ್ಕ್‌ಬಾರ್ ಒಂದು ಕ್ಷಣ ಮಾಯವಾಗಿ ಮರಳಿ ಬರುತ್ತದೆ. ತೆರೆದಿಟ್ಟ ಫೋಲ್ಡರ್‌ಗಳು ಮುಚ್ಚುತ್ತವೆ, ಉಳಿದ ಪ್ರೋಗ್ರಾಂಗಳಿಗೆ ಏನೂ ಆಗುವುದಿಲ್ಲ. ಸ್ಕ್ರೀನ್ ಪೂರ್ತಿ ಕಪ್ಪಾಗಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆ ಬಿ ಒತ್ತಿ. ಸ್ಕ್ರೀನ್ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್. ಐಬಿಎಂ ಕಂಪನಿಯ ಎಂಜಿನಿಯರ್ ಡೇವಿಡ್ ಬ್ರಾಡ್ಲಿ ಇದನ್ನು ಮೊದಲು ಕಂಟ್ರೋಲ್, ಆಲ್ಟ್, ಎಸ್ಕೇಪ್ ಅಂತ ಇಟ್ಟಿದ್ದರು. ಎಡಗೈ ತಗುಲಿದರೇ ಸಾಕು, ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತಿತ್ತು. ಅದಕ್ಕೇ ಡಿಲೀಟ್‌ಗೆ ಬದಲಾಯಿಸಿದರು. 1981ರ ಐಬಿಎಂ ಪಿಸಿಯಲ್ಲಿ ಬಂದದ್ದು ಅದೇ. ಇಂದಿನ ವಿಂಡೋಸ್‌ನಲ್ಲಿ ಈ ಮೂರು ಕೀಗಳನ್ನು ಸಾಮಾನ್ಯ ಪ್ರೋಗ್ರಾಂ ಯಾವುದೂ ತಡೆಯಲಾರದು, ಹಾಗಾಗಿ ಫುಲ್‌ಸ್ಕ್ರೀನ್ ಗೇಮ್ ನಿಂತುಹೋದಾಗಲೂ ನಡೆಯುತ್ತದೆ. ತೆರೆದ ಪುಟದ ಬಲ ಕೆಳಮೂಲೆಯ ಪವರ್ ಚಿಹ್ನೆಯನ್ನು ಕಂಟ್ರೋಲ್ ಹಿಡಿದುಕೊಂಡೇ ಕ್ಲಿಕ್ ಮಾಡಿದರೆ ‘ಎಮರ್ಜೆನ್ಸಿ ರೀಸ್ಟಾರ್ಟ್’ ಕೇಳುತ್ತದೆ. ಇದು ಯಾರಿಗೂ ಕಾಯುವುದಿಲ್ಲ, ಸೇವ್ ಆಗದ್ದೆಲ್ಲ ಹೋಗುತ್ತದೆ.

ವಿಂಡೋಸ್ ಬದಲು ಲಿನಕ್ಸ್ ಬಗೆಯ ಉಬುಂಟುನಲ್ಲಾದರೆ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಒಂದೊಂದಾಗಿ, ನಡುವೆ ಕೆಲವು ಸೆಕೆಂಡು ಬಿಟ್ಟು ಒತ್ತಿ. ಎಸ್ ಬಾಕಿ ಡೇಟಾವನ್ನು ಡಿಸ್ಕಿಗೆ ಬರೆಸುತ್ತದೆ, ಯು ಡಿಸ್ಕನ್ನು ಓದಲಷ್ಟೇ ಬರುವಂತೆ ಮಾಡುತ್ತದೆ, ಬಿ ರೀಬೂಟ್ ಮಾಡುತ್ತದೆ. ಅವಸರಪಟ್ಟು ಬಿ ಮೊದಲೇ ಒತ್ತಿದರೆ ಪವರ್ ಕಿತ್ತಂತೆಯೇ.

ಕೊನೆಗೆ ಕ್ಯಾಪ್ಸ್‌ಲಾಕ್ ಒತ್ತಿ ನೋಡಿ. ಅದರ ದೀಪವೂ ಬದಲಾಗದಿದ್ದರೆ ಯಾವ ಶಾರ್ಟ್‌ಕಟ್ಟೂ ಒಳಗೆ ತಲುಪುತ್ತಿಲ್ಲ. ಆಗ ಪವರ್ ಬಟನ್ ಅನ್ನು 10 ಸೆಕೆಂಡಿನವರೆಗೆ ಒತ್ತಿ ಹಿಡಿಯಿರಿ. ಮತ್ತೆ ಆನ್ ಮಾಡಿದಾಗ ಡಿಸ್ಕ್ ಚೆಕ್ ಶುರುವಾದರೆ ತಪ್ಪಿಸಬೇಡಿ, ಅದು ಮುಗಿಯಲಿ.