ಬಾಗಿಲಿಗೆ ವಸಂತದ ರೀತ್: ಮೊದ್ಲು ಎಲೆ, ಹೂವು ಆಮೇಲೆ

ಆರ್ಟಿಫಿಷಿಯಲ್ ಹೂವಲ್ಲಿ ಬಾಗಿಲಿಗೆ ರೀತ್ (ನೇತು ಹಾಕೋ ದುಂಡನೆ ಹೂವಿನ ಅಲಂಕಾರ) ಮಾಡೋಕೆ ಕೂತ್ರೆ ಎಲ್ರ ಕೈನೂ ಮೊದ್ಲು ಹೋಗೋದು ಇರೋದ್ರಲ್ಲೇ ದೊಡ್ಡ ಹೂವಿನ ಹತ್ರ. ನನ್ನ ಕೇಳಿದ್ರೆ ಅದನ್ನ ಕೊನೇಗೆ ಮುಟ್ಬೇಕು. ರಿಂಗ್ ಸುತ್ತ ಹೂವನ್ನ ಒತ್ತೊತ್ತಾಗಿ ಅಂಟಿಸ್ತಾ ಹೋದ್ರೆ ದುಂಡಗೆ ತುಂಬ್ಕೊಂಡೇನೋ ಕಾಣತ್ತೆ, ಆದ್ರೆ ವಸಂತ ಅನ್ಸಲ್ಲ, ಯಾಕಂದ್ರೆ ವಸಂತದ ಶುರುವಲ್ಲಿ ಗಿಡ ಪೂರ್ತಿ ತುಂಬಿರೋದಿಲ್ಲ, ಬೋಳು ಕೊಂಬೆ ಮೇಲೆ ಅಲ್ಲೊಂದು ಇಲ್ಲೊಂದು ಚಿಗುರು, ಮೊಗ್ಗು, ಎಲ್ಲೋ ಒಂದು ಕಡೆ ಪೂರ್ತಿ ಅರಳಿದ ಹೂವು. ಆ ಬೋಳು ಜಾಗ ಕಂಡ್ರೇನೇ ಚಿಗುರಿಗೆ ಕಳೆ.

ಅದಕ್ಕೇ ನಾನು ಯಾವಾಗ್ಲೂ ತಗೊಳ್ಳೋದು ಒಣ ಬಳ್ಳಿ ಸುತ್ತಿ ಮಾಡಿರೋ ರಿಂಗು, ಗ್ರೇಪ್‌ವೈನ್ ಬೇಸ್ ಅಂತ ಸಿಗತ್ತೆ. ಫೋಮ್ ರಿಂಗು, ವೈರ್ ಫ್ರೇಮು ಎರಡೂ ಚೆನ್ನಾಗೇ ಇರತ್ತೆ ಆದ್ರೆ ಒಂದಿಂಚೂ ಕಾಣದ ಹಾಗೆ ಮುಚ್ಚಬೇಕು, ಬಳ್ಳಿದಾದ್ರೆ ಅರ್ಧ ಹಾಗೇ ಬಿಟ್ರೂ ಚಂದ, ಅದೂ ಅಲ್ದೆ ಬಳ್ಳಿ ಸಂದಿಯಲ್ಲಿ ಕಡ್ಡಿ ತೂರಿಸಿದ್ರೆ ಸುಮಾರು ಕೆಲ್ಸ ಗ್ಲೂ ಇಲ್ದೇನೇ ಆಗೋಗತ್ತೆ. ಬಾಗಿಲು 36 ಇಂಚು ಅಗಲ ಇದ್ರೆ ರೀತ್ ರೆಡಿ ಆದ್ಮೇಲೆ 22ರಿಂದ 24 ಇಂಚು ಬಂದ್ರೆ ಸರಿಯಾಗಿ ಕೂರತ್ತೆ. ಎಲೆ ಹೂವೆಲ್ಲ ಹೊರಗೆ ಚಾಚ್ಕೊಳ್ಳೋದ್ರಿಂದ ಬೇಸ್ 18 ಇಂಚಿಂದು ಸಾಕು.

ಈಗ ಹೂವಿನ ವಿಷ್ಯ. ಸಿಲ್ಕ್ ಹೂವು ಅಂತ ಮಾರೋದೆಲ್ಲ ಹೆಚ್ಚಾಗಿ ಪಾಲಿಯೆಸ್ಟರ್ ಬಟ್ಟೆ. ಮುಟ್ಟಿದ್ರೆ ನಿಜವಾದ ಹೂವೇನೋ ಅನ್ಸೋ ರಿಯಲ್ ಟಚ್ ಹೂವು ಲೇಟೆಕ್ಸ್ ಅಥವಾ ಪಾಲಿಯುರೆಥೇನ್‌ದು, ಟ್ಯೂಲಿಪ್‌ಗೆ ಅದೇ ಚೆನ್ನ. ಯಾವ್ದೇ ತಂದ್ರೂ ಡಬ್ಬದಲ್ಲಿ ಒತ್ತಿ ಒತ್ತಿ ಚಪ್ಪಟೆ ಆಗಿರತ್ತೆ, ಎಲ್ಲ ಹೂವೂ ಒಂದೇ ಅಳತೆ, ಒಂದೇ ಮುಖ, ನೋಡಿದ ತಕ್ಷಣ ನಕಲಿ ಅಂತ ಗೊತ್ತಾಗೋದು ಇದ್ರಿಂದಾನೇ ಹೊರತು ಬಣ್ಣದಿಂದಲ್ಲ. ಇಲ್ಲಿ ಟೈಮ್ ಕೊಡಿ ದಯವಿಟ್ಟು. ಒಂದು ಬಟ್ಟೆ ಪಿಯೊನಿ (ಸುತ್ತು ಸುತ್ತಾಗಿ ಎಸಳಿರೋ ದೊಡ್ಡ ಹೂವು) ತಗೊಂಡು ಕುದಿಯೋ ನೀರಿನ ಹಬೆಗೆ ಸ್ವಲ್ಪ ದೂರದಿಂದ ಹಿಡೀರಿ (ಕೈಗೆ ಹಬೆ ಬಡೀದ ಹಾಗೆ, ಕಡ್ಡಿ ತುದಿ ಹಿಡ್ಕೊಂಡು), ಎಸಳು ಮೆತ್ತಗಾದ ಕೂಡ್ಲೇ ಹೊರಸುತ್ತಿನ ಎಸಳುಗಳನ್ನ ಬೆರಳಲ್ಲಿ ಹಿಂದಕ್ಕೆ ಬಾಗಿಸಿ, ನಡುವಿನ ಸುತ್ತನ್ನ ಅರ್ಧ ಬಿಡಿಸಿ, ಒಳಗಿನದನ್ನ ಮುಟ್ಟಲೇಬೇಡಿ, ಮುದುಡ್ಕೊಂಡೇ ಇರ್ಲಿ. ತಣ್ಣಗಾಗೋವರೆಗೂ ಹಾಗೇ ಹಿಡ್ಕೊಂಡ್ರೆ ಆ ಶೇಪಲ್ಲೇ ನಿಂತ್ಕೊಳತ್ತೆ. ಎಸಳಿನ ಅಂಚಲ್ಲಿ ಎದ್ದಿರೋ ದಾರದ ಎಳೆಗಳನ್ನ ಚಿಕ್ಕ ಕತ್ತರಿಯಲ್ಲಿ ತೆಗೀರಿ. ಇನ್ನೊಂದು ಹೂವಿಗೆ ಇಷ್ಟು ಅರಳಿಸೋದು ಬೇಡ, ಸ್ವಲ್ಪ ಸಾಕು. ಒಂದೇ ಪ್ಯಾಕೆಟ್‌ನ ಹೂವುಗಳು ಬೇರೆ ಬೇರೆ ದಿನ ಅರಳಿದ ಹಾಗೆ ಕಾಣೋಕೆ ಶುರುವಾಗತ್ತೆ ನೋಡಿ, ಈ ಇಡೀ ಕೆಲ್ಸದಲ್ಲಿ ನಂಗೆ ಅತಿ ಇಷ್ಟವಾದ ಘಟ್ಟ ಇದು. ಲೇಟೆಕ್ಸ್ ಹೂವಿಗೆ ಮಾತ್ರ ಹಬೆ ಬೇಡ, ಕೈಯಲ್ಲೇ ಬಗ್ಗಿಸಿ.

ಕಡ್ಡಿ ಒಳಗೆ ವೈರ್ ಇರತ್ತೆ, ಕತ್ತರಿ ಹಾಕಿದ್ರೆ ಕತ್ತರಿ ಮೊಂಡಾಗತ್ತೆ, ಕಟಿಂಗ್ ಪ್ಲೈಯರ್ ಬಳಸಿ. ಹೂವಿನ ತಲೆ ಮಾತ್ರ ಕಿತ್ತು ಅಂಟಿಸ್ಬೇಡಿ, ಮೂರು ನಾಲ್ಕು ಇಂಚು ಕಡ್ಡಿ ಜೊತೆಗೇ ಇರ್ಲಿ, ಆಗ ಅದನ್ನ ಬಗ್ಗಿಸಿ ಹೇಗೆ ಬೇಕೋ ಹಾಗೆ ತಿರುಗಿಸ್ಬಹುದು.

ಜೋಡಿಸೋದು ಎಲೆಯಿಂದ. ರಿಂಗಿನ ಕೆಳಗೆ ಎಡಭಾಗದಲ್ಲಿ ಒಂದು ಜಾಗ ಗುರುತು ಮಾಡ್ಕೊಳ್ಳಿ, ಅಲ್ಲಿಂದ ಎಲೆ ಕೊಂಬೆಗಳು ಒಂದು ಕಡೆ ಮೇಲಕ್ಕೆ ಉದ್ದಕ್ಕೆ ಹೋಗ್ಲಿ, ಇನ್ನೊಂದು ಕಡೆ ಬಲಕ್ಕೆ ಅದರ ಅರ್ಧದಷ್ಟು. ತುದಿಗಳೆಲ್ಲ ಹೊರಗೆ, ಬುಡಗಳೆಲ್ಲ ಆ ಒಂದೇ ಜಾಗಕ್ಕೆ ಬಂದು ಸೇರ್ಬೇಕು. ಗಿಡ ಬೆಳೆಯೋದೂ ಹಾಗೇ ಅಲ್ವಾ, ಒಂದು ಬುಡದಿಂದ. ದಿಕ್ಕಿಲ್ದೆ ಅಡ್ಡಾದಿಡ್ಡಿ ಚುಚ್ಚಿದ್ರೆ ಎಷ್ಟು ಒಳ್ಳೆ ಹೂವು ತಂದ್ರೂ ವ್ಯರ್ಥ. ಆಮೇಲೆ ಲೈಲಾಕ್, ಚೆರ್ರಿ ಹೂವಿನ ಸಣ್ಣ ಕೊಂಬೆಗಳು, ರಿಂಗಿನಿಂದ ಸ್ವಲ್ಪ ಆಚೆ ಚಾಚೋ ಹಾಗೆ. ದೊಡ್ಡ ಹೂವು ಈಗ, ಮೂರೇ ಮೂರು ಸಾಕು, ಬುಡಗಳು ಸೇರೋ ಜಾಗವನ್ನ ಮುಚ್ಚೋ ಹಾಗೆ, ಒಂದು ಎದುರಿಗೆ ನೋಡ್ತಿರ್ಲಿ, ಒಂದು ಪಕ್ಕಕ್ಕೆ, ಇನ್ನೊಂದು ಎಲೆ ಹಿಂದಿಂದ ಅರ್ಧ ಇಣುಕ್ಲಿ. ಮೇಲೆ ಬಲಗಡೆ ಬಳ್ಳಿ ಖಾಲಿ ಉಳಿಯತ್ತೆ. ಅದನ್ನ ತುಂಬೋ ಆಸೆ ಬಂದೇ ಬರತ್ತೆ, ತಡ್ಕೊಳ್ಳಿ.

ಬಣ್ಣ ನಿರ್ಧಾರ ಮಾಡೋದು ಬಾಗಿಲು. ಬಿಳಿ ಬಾಗಿಲ ಮೇಲೆ ಬಿಳಿ ಹೂವು ಕಾಣೋದೇ ಇಲ್ಲ, ಕಡು ಬಣ್ಣದ ಬಾಗಿಲಾದ್ರೆ ಅದೇ ಬಿಳಿ, ತಿಳಿ ಗುಲಾಬಿ, ಡ್ಯಾಫೋಡಿಲ್ ಹಳದಿ ಎಲ್ಲ ಎದ್ದು ಕಾಣತ್ತೆ. ಅಂಟಿಸೋ ಮುಂಚೆ ಸುಮ್ನೆ ತೂರಿಸಿಟ್ಟು, ಬಾಗಿಲಿಗೇ ನೇತು ಹಾಕಿ, ದೂರದಿಂದ ಫೋನಲ್ಲಿ ಒಂದು ಫೋಟೋ ತೆಗೆದು ಅದನ್ನ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ, ಎಲ್ಲ ಒಂದೇ ಬೂದು ಆಗಿ ಕಂಡ್ರೆ ಇನ್ನೂ ತಿಳಿ ಬಣ್ಣದ್ದೊಂದೋ ಕಡು ಬಣ್ಣದ್ದೊಂದೋ ಬೇಕು ಅಂತ ಅರ್ಥ.

ಗ್ಲೂ ಗನ್ ಕೊನೇಗೆ. ಹೊರಗಿನ ಬಾಗಿಲಿಗೆ ಹೈ ಟೆಂಪರೇಚರ್ ಗ್ಲೂ ಸ್ಟಿಕ್ಕೇ ಬೇಕು, ಲೋ ಟೆಂಪರೇಚರ್‌ದು ಬಿಸಿಲಿಗೆ ಮೆತ್ತಗಾಗಿ ಹೂವು ಜಾರತ್ತೆ. ಬಾಗಿಲ ಮುಂದೆ ಇನ್ನೊಂದು ಗಾಜಿನ ಬಾಗಿಲಿದ್ದು ಬಿಸಿಲು ನೇರ ಬೀಳತ್ತೆ ಅಂದ್ರೆ ಎರಡರ ನಡುವೆ ಶಾಖ ಕಟ್ಕೊಂಡು ಗಟ್ಟಿ ಗ್ಲೂನೂ ನಂಬೋಕಾಗಲ್ಲ, ಅಂಥ ಕಡೆ ಭಾರದ ಹೂವನ್ನೆಲ್ಲ 22 ಗೇಜ್ ವೈರಲ್ಲಿ ಬಳ್ಳಿಗೆ ಕಟ್ಟಿಬಿಡಿ. ವೈರಿನ ಚೂಪು ತುದಿ ಬಾಗಿಲ ಪೇಂಟ್ ಗೀಚತ್ತೆ, ಹಿಂದೆ ಒಂದು ಫೆಲ್ಟ್ ಬಟ್ಟೆ ಅಂಟಿಸಿ. ಬಿಸಿಲಿಂದ ಬಣ್ಣ ಕಾಯೋ ಯುವಿ ಸ್ಪ್ರೇ ಹೊಡೆದ್ರೆ ಬಣ್ಣ ಮಾಸೋದು ನಿಧಾನ ಆಗತ್ತೆ, ನಿಲ್ಲಲ್ಲ.

ರಿಬ್ಬನ್ ಬೋ ಹಾಕಲೇಬೇಕು ಅಂತೇನಿಲ್ಲ. ಹಾಕೋದಾದ್ರೆ ಅಂಚಲ್ಲಿ ವೈರ್ ಇರೋ ಎರಡೂವರೆ ಇಂಚಿಂದು ತಗೊಳ್ಳಿ, ಕುಣಿಕೆ ಬಿದ್ದೋಗಲ್ಲ, ಹೂವಿನ ಗುಂಪಿನ ಕೆಳಗೆ ಕಟ್ಟಿ ಬಾಲ ಉದ್ದಕ್ಕೆ ಬಿಡಿ.

ಧೂಳಿಗೆ ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಸಾಕು. ಸೀಸನ್ ಮುಗಿದ್ಮೇಲೆ ತೆಗೆಯೋ ಮುಂಚೆ ಒಳಗೆ ಒಂದ್ಸಲ ಇಣುಕಿ ನೋಡಿ, ಚಿಕ್ಕ ಹಕ್ಕಿಗಳು ರೀತ್ ಒಳಗೆ ಗೂಡು ಕಟ್ಟೋದುಂಟು, ಮೊಟ್ಟೆನೋ ಮರಿನೋ ಇದ್ರೆ ಅವು ಹಾರಿ ಹೋಗೋವರೆಗೂ ತೆಗೀಬೇಡಿ. ಎತ್ತಿಡುವಾಗ ಆಳವಾದ ಡಬ್ಬ ಬೇಕು, ಬೋ ಕುಣಿಕೆಗಳ ಒಳಗೆ ಟಿಶ್ಯೂ ಪೇಪರ್ ತುರುಕಿ, ಮೇಲೆ ಏನೂ ಹೇರಬೇಡಿ. ಚಪ್ಪಟೆ ಆದ್ರೆ ಮತ್ತೆ ಹಬೆ ಹಿಡೀಬೇಕಾಗತ್ತೆ, ಅದೂ ಅಂಟಿಸಿದ್ಮೇಲೆ ತುಂಬಾ ಕಷ್ಟ.