ಪೊಂದೂರಿಗೆ ಹೋಗುವವರಿಗೆ: ರಾಟೆ ತಿರುಗುವ ಹೊತ್ತಿಗೆ ತಲುಪಿ

ತೆಲುಗರ ನಾಡಿನಲ್ಲಿ ಗಾಂಧೀಜಿಯ ಪ್ರಭಾವ ನೋಡಲು ಹೊರಟವರು ಹೆಚ್ಚಾಗಿ ವಿಜಯವಾಡದ ಗಾಂಧಿ ಗುಡ್ಡ ಹತ್ತಿಳಿದು ಹಿಂದಿರುಗುತ್ತಾರೆ. 1921ರಲ್ಲಿ ಅದೇ ಊರಿನಲ್ಲಿ ಸೇರಿದ ಕಾಂಗ್ರೆಸ್ ಸಮಿತಿ ದೇಶದಲ್ಲಿ 20 ಲಕ್ಷ ಚರಕ ತಿರುಗಬೇಕೆಂದು ನಿರ್ಣಯಿಸಿತ್ತು. ಅವು ಮನೆಯೊಳಗೆ ಇಂದಿಗೂ ತಿರುಗುವುದನ್ನು ನೋಡಬೇಕಾದರೆ ಶ್ರೀಕಾಕುಳಂ ಜಿಲ್ಲೆಯ ಖಾದಿಯ ಊರು ಪೊಂದೂರಿಗೇ ಹೋಗಬೇಕು. ಇಲ್ಲಿನ ನೂಲಿನ ಕೆಲಸ ಕಲಿತು ಬರಲು ಗಾಂಧೀಜಿ ಮಗ ದೇವದಾಸರನ್ನು ಕಳಿಸಿದ್ದರು.

ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ಹಿಡಿದರೆ ಮರುದಿನ ಶ್ರೀಕಾಕುಳಂ ರೋಡ್. ಈ ಸ್ಟೇಷನ್ ಇರುವುದು ಆಮದಾಲವಲಸದಲ್ಲಿ, ಶ್ರೀಕಾಕುಳಂ ಪಟ್ಟಣದಲ್ಲಲ್ಲ. ರೂಮು ಕಾದಿರಿಸುವಾಗ ಬಹಳ ಜನ ಎಡವುವುದು ಇಲ್ಲೇ. ಪೊಂದೂರಿಗೂ ಸ್ಟೇಷನ್ ಇದೆ, ಆದರೆ ಪ್ಯಾಸೆಂಜರ್ ಗಾಡಿಗಳನ್ನೇ ನಂಬಬೇಕು. ವಿಶಾಖಪಟ್ಟಣದಿಂದ ಕಾರಿನಲ್ಲಿ ಬರುವವರು ಹೆದ್ದಾರಿಯ ಚಿಲಕಪಾಲೆಂನಲ್ಲಿ ಎಡಕ್ಕೆ ತಿರುಗಬೇಕು. ಬಂದ ದಿನ ತಂಗಿ, ಮರುದಿನ ಬೆಳಿಗ್ಗೆಯೇ ಹೋಗಿ. ಭಾನುವಾರ ಬೇಡ.

ಮೊದಲು ಅಂಗಡಿಗೆ ಹೋಗಬೇಡಿ. ಆಂಧ್ರ ಫೈನ್ ಖಾದಿ ಸಂಘದಲ್ಲಿ ಕೇಳಿ, ಅವರು ತೋರಿಸಿದ ಮನೆಗಳಿಗೆ ಹೋಗಿ. ಚರಕಕ್ಕೆ ಅಲ್ಲಿ ‘ರಾಟ್ನಂ’ ಅನ್ನುತ್ತಾರೆ, ನಮ್ಮ ರಾಟೆಯೇ. ಕೆಲಸ ಶುರುವಾಗುವುದು ವಾಲುಗ ಮೀನಿನ ದವಡೆಯಿಂದ. ಅದರ ಸಣ್ಣ ಹಲ್ಲುಗಳಲ್ಲಿ ಬೀಜದ ಸುತ್ತಲಿನ ಅರಳೆಯನ್ನು ಬಾಚಿದರೆ ಕಸ ಉದುರಿ ಎಳೆಗಳು ಒಂದೇ ದಿಕ್ಕಿಗೆ ಮಲಗುತ್ತವೆ. ಆಮೇಲೆ ಹಲಗೆಯ ಮೇಲಿಟ್ಟು ಕಬ್ಬಿಣದ ಕಡ್ಡಿ ಉರುಳಿಸಿ ಬೀಜ ತೆಗೆಯುತ್ತಾರೆ, ಬಿಲ್ಲಿನಿಂದ ಹಿಂಜುತ್ತಾರೆ, ಹಂಜಿ ಮಾಡಿ ಒಣಗಿದ ಬಾಳೆಪಟ್ಟೆಯಲ್ಲಿ ಸುತ್ತಿಡುತ್ತಾರೆ. ಬಾಚುವುದರಲ್ಲಿ ಅವಸರ ಮಾಡಿದರೆ ಗಂಟು ಉಳಿದು, ಒಂದೇ ಕದಿರಿನ ಆ ರಾಟೆಯಲ್ಲಿ ಎಳೆ ಪಟ್ಟನೆ ಕಡಿಯುತ್ತದೆ. ಗಾಳಿ ತೀರಾ ಒಣಗಿದ್ದರೂ ಕಡಿಯುತ್ತದೆ. ಮಳೆಯಲ್ಲಿ ಅರಳೆ ತೇವ ಹಿಡಿದು ಹಿಂಜಲು ಬರುವುದಿಲ್ಲ. ಹಾಗಾಗಿ ಡಿಸೆಂಬರ್, ಜನವರಿ ಒಳ್ಳೆಯ ಕಾಲ.

ನಂಬರು ಹೆಚ್ಚಿದಷ್ಟೂ ನೂಲು ಸಣ್ಣ. ಇಲ್ಲಿ ನೂಲುವ ನೂರನೇ ನಂಬರಿನ ನೂಲು ಎಂದರೆ ಎಷ್ಟು ಸಣ್ಣದು? ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ ಒಂದು ಗ್ರಾಂ ಹತ್ತಿಯಿಂದ ಸುಮಾರು 170 ಮೀಟರ್ ಎಳೆ. ಬಾವುಟಕ್ಕೆ ಬಟ್ಟೆ ಕೊಡುವ ಧಾರವಾಡದ ಗರಗದ ಖಾದಿ ಮುಟ್ಟಿದವರಿಗೆ ಇದರ ತೆಳುವು ನಂಬಲಾಗದು. ಇದನ್ನು ನೂಲುವ ಹೆಂಗಸರ ಕೈಗೆ ಸಿಗುವ ಕೂಲಿ ಕೆಲಸಕ್ಕೆ ತಕ್ಕದ್ದಲ್ಲ. ಚೌಕಾಶಿ ಮಾಡಬೇಡಿ. ಫೋಟೊ ತೆಗೆಯುವ ಮುಂಚೆ ಕೇಳಿ. ಎಳೆ ಎಳೆಯುತ್ತಿರುವಾಗ ಮಾತಿಗೆ ಎಳೆಯಬೇಡಿ.

ಕೊಳ್ಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಕೈನೂಲಿನಲ್ಲಿ ಅಲ್ಲಲ್ಲಿ ದಪ್ಪ-ಸಣ್ಣ ಕಾಣುತ್ತದೆ; ಎಲ್ಲ ಕಡೆ ಒಂದೇ ಸಮ ಇದ್ದರೆ ಗಿರಣಿ ನೂಲು. ಅಂಚಿನಿಂದ ಬಿಡಿ ಎಳೆಯೊಂದನ್ನು ಸುಟ್ಟು ನೋಡಿ: ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆದು, ಹಿಂಡದೆ ನೆರಳಲ್ಲಿ ಹರವಿ, ತೆಳು ಗಂಜಿ ಹಾಕಿ.